ಮೊದಲ ಸವಾರಿ ಜೋಳದ ಚೀಲದ್ದು

ಎಲ್ಲಾದರೂ ಹಸಿ ಬಣ್ಣದ ವಾಸನೆ ಬಂದರೆ ಇವತ್ತಿಗೂ ನನಗೆ ನಮ್ಮೂರು ಜನವಾಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. "ರಾಜ್ಯಾನೇ ಹೊಸಾದಾಗ್ಯಾದ, ಗಾಡಿ ಹಳೇದು ಯಾಕ?" ಎಂದು ಸೋದರಮಾವ ತನ್ನ ಮೋಟರ್‌ಸೈಕಲ್ಲಿನ ಹಿಂದಿನ ಮಡ್‌ಗಾರ್ಡನ್ನು ತಾನೇ ಬಿಚ್ಚಿ, ಹಸಿರು ಬಣ್ಣ ಬಳಿದು, ತಾನೇ ಕೂಡಿಸಿದ್ದ. ಆ ಗಾಡಿಯ ಮೇಲೆಯೇ ನನ್ನನ್ನು ಬೀದರದ ಶಾಲೆಗೆ ಸೇರಿಸಲು ಒಯ್ಯಬೇಕಿತ್ತು. ನಮ್ಮ ಮನೆಯಲ್ಲಿ ಶಾಲೆಗೆ ಹೊರಟವಳು ನಾನೇ ಮೊದಲು.

ಹತ್ತಲು ಹೋದರೆ ಅವ್ವ ತಡೆದಳು. "ಪೈಲೇ ಜೋಳದ ಚೀಲ ಕುಂದ್ರಲಿ."

"ಅಕ್ಕಾ, ಗಾಲಿ ತಿರುಗಿಸಿ ನೋಡೀನಿ."

"ಖಾಲಿ ಗಾಡಿ ನೋಡೀದಿ. ಮಂದಿ ಕುಂತ ಮ್ಯಾಗ ಹ್ಯಾಂಗಂತ ನೋಡೀದೇನು?"

ಮಾವ ನಗುತ್ತ ಚೀಲ ಬಿಗಿದುಕೊಂಡು ಊರ ಬಾಗಿಲು ಅಗಸಿತನಕ ಹೋದ. ತಿರುಗಿ ಬಂದಾಗ ನಗು ಇರಲಿಲ್ಲ. ಭಾರಕ್ಕೆ ಗಾಡಿ ತಗ್ಗಿ, ಮಡ್‌ಗಾರ್ಡಿನೊಳಗೆ ಚಾಚಿದ್ದ ಬೋಲ್ಟು ಟೈರನ್ನು ಉದ್ದಕ್ಕೂ ಗೀರಿತ್ತು. ಕೂತು ಬೋಲ್ಟನ್ನು ಬಿಚ್ಚಿ, ಉದ್ದನೆಯ ತುದಿ ಹೊರಗೆ ಬರುವಂತೆ ತಿರುವಿ ಹಾಕಿದ. ಚೀಲ ಮತ್ತೊಮ್ಮೆ ಅಗಸಿ ನೋಡಿ ಬಂತು. ಅವ್ವ ಬಗ್ಗಿ ಟೈರನ್ನು ಅಂಗೈಯಿಂದ ಸವರಿದಳು; ಹೊಸ ಗೀರು ಇರಲಿಲ್ಲ.

"ಈಗ ಕುಂದ್ರು. ಲಂಗ ಒಳಗ ಹಿಡಿ."

ಶಾಲೆಯಲ್ಲಿ ಹೆಡ್‌ಮಾಸ್ತರರು ನನ್ನ ಲಂಗದ ಮೇಲಿನ ಜೋಳದ ದೂಳು ನೋಡಿ, "ಸಂತಿಗಿ ಹೋಗಿದ್ದೇನವಾ?" ಎಂದರು.

"ಇಲ್ರಿ ಸರ್. ಪೈಲೇ ಚೀಲ ಕುಂತಿತ್ತು. ಆಮ್ಯಾಗ ನಾ ಕುಂತು ಬಂದೀನ್ರಿ."