ಗೋತ್ರ ವಿಚಾರಣೆ

“ಯಾರಿಗೆ ಹೇಳ್ದೆ? ನಿಜ ಹೇಳ್ಬಿಡು!” ವಕೀಲ ಸುಶೀಂದ್ರ ಮಗಳ ಫೋನನ್ನು ಊಟದ ಮೇಜಿನ ಮೇಲೆ ಕುಕ್ಕಿ, ಕೋರ್ಟಿನಲ್ಲಿ ಸಾಕ್ಷಿಯನ್ನು ಬೆದರಿಸುವ ದನಿಯಲ್ಲಿ ಕೇಳಿದರು. ಫೋನಿನ ಚಾಟಿನಲ್ಲಿ ಯಾವನೋ ಗುರುತಿಲ್ಲದವನು ಬರೆದಿದ್ದ: ‘ಹಾಯ್ ಗುಂಡುಮಣಿ! ಶನಿವಾರ ಬ್ಯಾಸ್ಕೆಟ್‌ಬಾಲ್ ಸೆಲೆಕ್ಷನ್ ಮ್ಯಾಚ್ ಅಲ್ವಾ? ಮುಗಿದ ಮೇಲೆ ಶರವಣಂಪಟ್ಟಿ ಸ್ಟಾಪಲ್ಲಿ ಒಬ್ಬಳೇ ಬಸ್ಸಿಗೆ ಕಾಯಬೇಡ. ನಾನು ಬಂದು ಮನೆಗೆ ಬಿಡ್ತೀನಿ. ಮನೇಲಿ ಹೇಳಬೇಡ, ಸರ್‌ಪ್ರೈಸ್.’

“ಯಾರಿಗೂ ಹೇಳಿಲ್ಲಪ್ಪಾ. ಬಂದ ತಕ್ಷಣ ನಿನ್ ಹತ್ರಾನೇ ತಂದು ತೋರ್ಸಿದ್ನಲ್ಲ,” ಅಂದಳು ಹರಿಪ್ರಿಯಾ. ಒಂಬತ್ತನೇ ಕ್ಲಾಸು, ಅಪ್ಪನಿಗಿಂತ ಅರ್ಧ ಗೇಣು ಎತ್ತರ, ಕಣ್ಣಲ್ಲಿ ಈಗಲೋ ಆಗಲೋ ಅನ್ನುವಂತೆ ನೀರು.

“ಆಕಾಶದಿಂದ ಇಳಿದು ಬಂತಾ ಇವನಿಗೆ? ಸ್ಟಾಪು ಗೊತ್ತು, ಮ್ಯಾಚು ಗೊತ್ತು, ಮನೇಲಿ ಕರೆಯೋ ಹೆಸರು ಸಹ ಗೊತ್ತು! ನಾಳೆಯಿಂದ ಫೋನ್ ಇಲ್ಲ. ಪ್ರಾಕ್ಟೀಸ್ ಇಲ್ಲ. ಶನಿವಾರದ ಮ್ಯಾಚೂ ಇಲ್ಲ. ಕಂಡಿಪ್ಪಾ, ಖಂಡಿತ ಇಲ್ಲ!”

“ಅಪ್ಪಾ! ಜಿಲ್ಲಾ ಟೀಮು ಅಪ್ಪಾ!” ನೀರು ಇಳಿದೇಬಿಟ್ಟಿತು. “ಗುಂಡುಮಣಿ ಅಂತ ನಾನು ಹೊರಗಡೆ ಹೇಳ್ಕೋತೀನಾ? ಟೀಮಲ್ಲಿ ಗೊತ್ತಾದ್ರೆ ನನ್ನ ಮಾನ ಉಳಿಯುತ್ತಾ? ಆ ಹೆಸರು ಈ ಮನೆ ಬಾಗಿಲು ದಾಟಿದ್ದೇ ಇಲ್ಲ!”

ಆ ಕಡೆ ಕೂತು ಗೋರಿಕಾಯಿ ಮುರಿಯುತ್ತಿದ್ದ ವೇದವತಿಯ ಕೈ ನಿಂತಿತು. ಮಗಳ ಮಾತಿನಲ್ಲಿ ನ್ಯಾಯವಿತ್ತು. ಆ ಹೆಸರು ಬಾಗಿಲು ದಾಟಿದ್ದರೆ ದಾಟಿಸಿದವರು ಮನೆಯವರೇ. ಅವರು ನಿಧಾನವಾಗಿ ಗಂಡನ ಕಡೆ ತಿರುಗಿದರು.

“ಏನ್ರೀ, ನೀವು ಯಾರ ಹತ್ರಾನಾದ್ರೂ ಮಾತಾಡಿದ್ರಾ?”

“ನಾನಾ? ಗುರುತಿಲ್ಲದವರ ಹತ್ರ ನಾನು ಯಾಕೆ ಮಾತಾಡ್ಲಿ? ಮೊನ್ನೆ ಸುಮಧ್ವನ ಹತ್ರ ಮಾತಾಡ್ದೆ, ಅಷ್ಟೇ.”

“ಸುಮಧ್ವ ಯಾರು?”

“ನಮ್ಮವನೇ! ಉಡುಮಲೈ ಕಡೆ ಹುಡುಗ. ಫೇಸ್‌ಬುಕ್ಕಲ್ಲಿ ಅವನಾಗೇ ಕನ್ನಡದಲ್ಲಿ ಬರೆದ ಕಣೇ! ಈ ತಮಿಳು ಊರಲ್ಲಿ ಯಾರು ಬರೀತಾರೆ ಹೇಳು? ಸುಮ್ನೆ ನಂಬ್ಲಿಲ್ಲ ನಾನು. ಗೋತ್ರ, ಮೂಲ ಎಲ್ಲಾ ವಿಚಾರಿಸ್ದೆ. ಕೊನೆಗೆ ನೋಡಿದ್ರೆ ಸೊಂದಕಾರ, ಹತ್ತಿರದ ಸಂಬಂಧಾನೇ!”

ಹರಿಪ್ರಿಯಾ ಕಣ್ಣೊರೆಸಿಕೊಂಡು ಕೈ ಚಾಚಿದಳು. “ಅಪ್ಪಾ, ನಿನ್ ಫೋನ್ ಕೊಡು.” ಆಮೇಲೆ ಗಟ್ಟಿಯಾಗಿ ಓದಿದಳು.

“ಅವನು: ‘ನಮಸ್ಕಾರ ಮಾಮಾ, ನಮ್ಮನೇಲೂ ಕನ್ನಡಾನೇ.’ ನೀನು: ‘ಅಪ್ಪಡಿಯಾ, ಹೌದಾ! ಬಹಳ ಸಂತೋಷ. ಯಾವ ಗೋತ್ರ?’ ಅವನು: ‘ನಿಮ್ಮದು ಮಾಮಾ?’ ನೀನು: ‘ಕಾಶ್ಯಪ.’ ಅವನು: ‘ಅಯ್ಯೋ, ನಮ್ಮದೂ ಅದೇ!’ ನೀನು: ‘ಹಾಗಾದ್ರೆ ಮಾಮಾ ಅನ್ನಬಾರದು, ದೊಡ್ಡಪ್ಪ ಅನ್ನು. ಮೂಲ ಯಾವೂರು?’ ಅವನು: ‘ನಿಮ್ಮದು ದೊಡ್ಡಪ್ಪಾ?’ ನೀನು: ‘ಸತ್ಯಮಂಗಲ.’ ಅವನು: ‘ಅಯ್ಯೋ, ನಮ್ಮದೂ ಅದೇ!’”

ವೇದವತಿ ಸೆರಗು ಬಾಯಿಗೆ ಅಡ್ಡ ಹಿಡಿದರು. ಭಯದ ನಡುವೆಯೂ ನಗು ನುಗ್ಗಿ ಬಂದಿತ್ತು. “ಉತ್ತರ ನೀವೇ ಹೇಳ್ಕೊಟ್ಟು ಪ್ರಶ್ನೆ ಕೇಳಿದೀರಲ್ರೀ! ಹೀಗೆ ಕೇಳಿದ್ರೆ ಕೋರ್ಟಲ್ಲಿ ಬಿಡ್ತಾರಾ?”

“ಇನ್ನೂ ಇದೆಮ್ಮಾ. ‘ನಮ್ಮ ಗುಂಡುಮಣಿ ನಿನಗೆ ತಂಗಿ ಆಗಬೇಕು. ಶನಿವಾರ ಅವಳ ಸೆಲೆಕ್ಷನ್ ಮ್ಯಾಚು, ಇದು ಅವಳ ನಂಬರು, ವಿಶ್ ಮಾಡು.’ ಕೆಳಗೆ ಜೆರ್ಸಿ ಹಾಕ್ಕೊಂಡಿರೋ ನನ್ನ ಫೋಟೋ. ‘ಪಾಪ, ಪ್ರಾಕ್ಟೀಸ್ ಮುಗಿಸಿ ಶರವಣಂಪಟ್ಟಿ ಸ್ಟಾಪಲ್ಲಿ ಒಬ್ಬಳೇ ಕಾಯ್ತಾಳೆ.’ ಕೊನೆಗೆ ನಮ್ಮನೆ ಲೊಕೇಶನ್ನು. ‘ಒಂದು ದಿನ ಊಟಕ್ಕೆ ಬಾ.’”

ಇಷ್ಟು ಹೊತ್ತು ನೆಟ್ಟಗೆ ನಿಂತಿದ್ದ ವಕೀಲರು ಕುರ್ಚಿ ಎಳೆದು ಕೂತರು. ಮಗಳು ಒಬ್ಬಳೇ ನಿಲ್ಲುವ ಆ ಸ್ಟಾಪು ಅವರ ಕಣ್ಣಮುಂದೆ ಬಂದಿರಬೇಕು. ತಟ್ಟನೆ ಫೋನು ಕಿತ್ತುಕೊಂಡು ಎಲ್ಲವನ್ನೂ ಅಳಿಸಲು ಹೊರಟರು.

“ಅಯ್ಯೋ, ಅಳಿಸ್ಬೇಡಪ್ಪಾ! ಅದೇ ಸಾಕ್ಷಿ. ಮೊದ್ಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್. ಬೆಳಿಗ್ಗೆ ಪೊಲೀಸ್ ಹತ್ರ ಹೋಗೋಣ.” ಹರಿಪ್ರಿಯಾ ಎರಡೂ ಫೋನುಗಳಲ್ಲಿ ಆ ಕೆಲಸ ಮುಗಿಸಿದಳು. “ಮತ್ತೆ… ಶನಿವಾರದ ಮ್ಯಾಚು?”

“ನಾನೇ ಕರ್ಕೊಂಡ್ ಹೋಗ್ತೀನಿ,” ಅಂದರು ಸುಶೀಂದ್ರ, ಮೇಜು ನೋಡುತ್ತಾ. “ಮುಗಿಯೋವರೆಗೂ ಅಲ್ಲೇ ಕೂತಿರ್ತೀನಿ.”

“ಕೂತ್ಕೋ. ಆದ್ರೆ ಪಕ್ಕದಲ್ಲಿ ಕೂತೋರ ಹತ್ರ ಮಾತಾಡ್ಬೇಡ.”

ಮಾರನೇ ದಿನ ಅಪ್ಪ, ಮಗಳು ಇಬ್ಬರೂ ಸೈಬರ್ ಕ್ರೈಂ ಸ್ಟೇಷನ್ನಿಗೆ ಹೋದರು. ಖಾಕಿ ಸಮವಸ್ತ್ರದ ಸಬ್ ಇನ್‌ಸ್ಪೆಕ್ಟರಮ್ಮ ತಮಿಳಿನಲ್ಲೇ ಎಲ್ಲ ಕೇಳಿದರು, ಸ್ಕ್ರೀನ್‌ಶಾಟುಗಳನ್ನು ತೆಗೆದುಕೊಂಡರು, ಬಂದ ತಕ್ಷಣ ಮನೆಯಲ್ಲಿ ತೋರಿಸಿದ್ದಕ್ಕೆ ಹರಿಪ್ರಿಯಾಳ ಬೆನ್ನು ತಟ್ಟಿದರು. ಆ ಖುಷಿಯಲ್ಲಿ ಅವಳು ಅಪ್ಪನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಇನ್‌ಸ್ಪೆಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಅಡಡಾ, ಕನ್ನಡಾನಾ! ನಮ್ಮನೇಲೂ ಕನ್ನಡಾನೇ ಸಾರ್! ನೀವು ಯಾವ ಕಡೆಯವ್ರು?”

ಸುಶೀಂದ್ರರ ಮುಖ ಇಷ್ಟಗಲ ಅರಳಿತು. ಕುರ್ಚಿಯಲ್ಲಿ ಮುಂದಕ್ಕೆ ಸರಿದು ಬಾಯಿ ತೆರೆದೂಬಿಟ್ಟರು. ಹಾಗೇ ತಡೆದರು. ಆಕೆಯ ಟೋಪಿ, ಭುಜದ ಮೇಲಿನ ನಕ್ಷತ್ರಗಳು, ಎದೆಯ ಮೇಲಿನ ಹೆಸರಿನ ಪಟ್ಟಿ, ಒಂದೊಂದನ್ನೂ ಮೇಲಿಂದ ಕೆಳಗಿನವರೆಗೆ ನೋಡಿ, ಗಂಟಲು ಸರಿಮಾಡಿಕೊಂಡರು.

“ಮೊದ್ಲು ನೀವು ಹೇಳಿ ಮೇಡಂ.”