ಕುಂಕುಮ ಇಟ್ಟ ಮಿಷನ್

ಕಾರ್ಡ್ ಉಜ್ಜುವ ಮಿಷನ್ನಿನ ವೈರ್ ಕೀಳಲು ಚಾಚಿದ ನೇತ್ರಾವತಿಯ ಕೈ ಅಲ್ಲೇ ನಿಂತುಬಿಟ್ಟಿತು. ಮೊನ್ನೆ ಆಯುಧಪೂಜೆಗೆ ಅದಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದ್ದರು.

"ಕೆಟ್ಟಿಲ್ಲ ಕಣಮ್ಮ, ದಿನಾ ಒರೆಸಿಡ್ತೀನಿ," ಅಂದರು ಗುಬ್ಬಿಯ ಬಟ್ಟೆ ಅಂಗಡಿಯ ಗುರುಸಿದ್ದಯ್ಯ. ರಿಪೇರಿಗೆ ಬಂದಿದ್ದಾಳೆ ಅಂದುಕೊಂಡಿದ್ದರು ಪಾಪ. ಇದೊಂದಿದ್ದರೆ ಗಿರಾಕಿಗಳು ತುಮಕೂರಿಗೆ ಬಸ್ ಹತ್ತೋದನ್ನೇ ಬಿಡ್ತಾರೆ ಅಂತ ಪುಸಲಾಯಿಸಿ, ಬೇಡ ಬೇಡ ಅಂದರೂ ಕಂಪನಿಯ ಪರವಾಗಿ ಮಿಷನ್ ಕೂರಿಸಿ ಹೋದವಳು ಇವಳೇ. ಊರಲ್ಲಿ ಕಾರ್ಡ್ ಇಟ್ಟುಕೊಂಡವರೇ ಕಡಿಮೆ ಅನ್ನುವುದು ಇವಳಿಗೆ ಆಗಲೇ ಗೊತ್ತಿತ್ತು.

"ಉಜ್ಜೋರೇ ಇಲ್ವಲ್ಲ ಯಜಮಾನ್ರೇ... ಕಂಪ್ನಿಯೋರು ವಾಪಸ್ ತಗೊಂಡ್ಬಾ ಅಂದ್ರು," ಅಂದಳು, ನೆಲ ನೋಡುತ್ತಾ.

ಗುರುಸಿದ್ದಯ್ಯ ತಾವೇ ವೈರ್ ಕಿತ್ತರು. ಅವರ ಹೆಂಡತಿ ಮಹಾಲಕ್ಷ್ಮಮ್ಮ ಮಿಷನ್ನನ್ನು ಹೊಸ ರವಿಕೆ ಕಣದಲ್ಲಿ ಸುತ್ತಿ, ಮೇಲೆ ಎಲೆ ಅಡಿಕೆ ಇಟ್ಟು ಕೊಟ್ಟರು. "ಹೋದ ಅಂಗಡೀಲಾದ್ರೂ ದುಡೀಲಿ ಬುಡು. ಇಲ್ಲಿ ಕೂತೂ ಕೂತೂ ಅದಕ್ಕೂ ಬೇಜಾರಾಗಿತ್ತು," ಅಂತ ನಕ್ಕರು.

ಗುರುಸಿದ್ದಯ್ಯ ನಗಲಿಲ್ಲ. "ನೀನು ಅಷ್ಟು ನಂಬಿ ಕೊಟ್ಟಿದ್ದೆ. ನಮ್ಮಿಂದ ನಿಂಗೆ ಕಂಪ್ನೀಲಿ ಮಾತು ಬರಂಗಾಯ್ತಲ್ಲ ತಾಯಿ. ತಪ್ಪು ತಿಳ್ಕೋಬೇಡ."

ಮಧ್ಯಾಹ್ನ ಅದೇ ಮಿಷನ್ನು ಕುಣಿಗಲ್ಲಿನ ಚಪ್ಪಲಿ ಅಂಗಡಿಗೆ ಹೋಗಬೇಕಿತ್ತು. ಅಲ್ಲಿ ಹೇಳಲೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೇತ್ರಾವತಿಯ ನಾಲಿಗೆಯ ಮೇಲೆ ಉಳಿದಿರಲಿಲ್ಲ.