ಲಾರಿ ಆ್ಯಕ್ಸಲ್‌ನ ಕೊಕ್ಕೆ

ಕೊಕ್ಕೆ ಟೇಬಲ್ಲಿನಿಂದ ಜಾರಿ ನೆಲಕ್ಕೆ ಬಿತ್ತು... ಬಿದ್ದದ್ದೇ ತಡ, ಎರಡು ತುಂಡಾಯಿತು.

ವೆಲ್ಡರ್ ಮೌನೇಶ ತುಂಡುಗಳನ್ನು ಎತ್ತಿ ನೋಡಿದ: ಬೆಸುಗೆಯ ಪಕ್ಕದಲ್ಲೇ ಮುರಿದಿತ್ತು.

ಹಿಂದಿನ ದಿನ ಗುಜರಿಯಲ್ಲಿ ಅವನಿಗೆ ಹಳೆಯ ಲಾರಿ ಆ್ಯಕ್ಸಲ್ ಸಿಕ್ಕಿತ್ತು. ಗ್ರೈಂಡರಿಗೆ ಹಿಡಿದು ನೋಡಿದ. ಸಾದಾ ಕಬ್ಬಿಣದಂತೆ ಉದ್ದನೆಯ ಗೆರೆಗಳಲ್ಲ... ಕಿಡಿಗಳು ಕವಲೊಡೆದು ಸಿಡಿದವು. ಬಹಳ ಗಟ್ಟಿ ಉಕ್ಕು!

ಅದರಿಂದಲೇ ಎರಡು ಕೊಕ್ಕೆ ಮಾಡಿ, ಮೇಲೆ ಹಗ್ಗ ಸಿಕ್ಕಿಸುವ ಬಳೆ ಬೆಸೆದ. ಅವಸರದಲ್ಲಿ, ಸಾದಾ ಕಬ್ಬಿಣಕ್ಕೆ ಮಾಡುವ ಹಾಗೆ, ಬಿಸಿ ಬೆಸುಗೆಗೆ ಒಂದು ಮಗ್ ನೀರು ಸುರಿದ.

ಅಲ್ಲೇ ತಪ್ಪಿದ್ದು. ಅಂಥ ಉಕ್ಕು ಥಟ್ಟನೆ ತಣಿದರೆ ಬೆಸುಗೆಯ ಪಕ್ಕ ಗಾಜಿನಂತೆ ಪೆಡಸಾಗುತ್ತದೆ. ಬಿರುಕು ಕೆಲವೊಮ್ಮೆ ಮರುದಿನ ಬಿಡುತ್ತದೆ.

ಇನ್ನೊಂದು ಕೊಕ್ಕೆ ಈಗ ಬಾವಿಗಳ ಹೂಳೆತ್ತಿಸುವ ಹುಲಿಗೆವ್ವನ ಕ್ರೇನಿನಲ್ಲಿತ್ತು... ಅದಕ್ಕೆ ತೂಗುವ ಬುಟ್ಟಿಯಲ್ಲೇ ಅವಳ ಗಂಡ ದುರುಗಪ್ಪ ಬಾವಿಗೆ ಇಳಿಯುತ್ತಿದ್ದ. ಐವತ್ತು ಅಡಿ.

ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಬೈಕ್ ಹತ್ತಿದ. ದಾರಿಯುದ್ದಕ್ಕೂ ಒಂದೇ ಯೋಚನೆ... ಈಗ ಮೇಲೆ ಬರುತ್ತಿದ್ದಾನೇನೋ... ಈಗ...

ಬಾವಿ ಮುಟ್ಟುತ್ತಲೇ ಹುಲಿಗೆವ್ವನಿಗೆ ಕೂಗಿದ. "ಅಕ್ಕಾ, ಕ್ರೇನ್ ನಿಂದ್ರಸು! ಮಾವ ಎಲ್ಲ್ಯದಾನ?"

"ತಳದಾಗ. ಈಗ ಬರ್ತಾನ. ಯಾಕೋ, ದೆವ್ವ ಬಡದಂಗ ಆಗೇತಿ ಮಾರಿ?"

"ಬುಟ್ಟಿ ಹತ್ತಬ್ಯಾಡ ಅನ್ನು! ಕೊಕ್ಕಿ ಮುರೀತೈತಿ... ತಪ್ಪು ನಂದ."

ಹುಲಿಗೆವ್ವ ಬಾವಿಯೊಳಕ್ಕೆ ಬಗ್ಗಿ ಕೂಗಿ ಹೇಳಿದಳು. ಬೇರೆ ಹಗ್ಗ ಒಳಗೆ ಬಿಟ್ಟಳು. ದುರುಗಪ್ಪ ಅದನ್ನು ಸೊಂಟಕ್ಕೆ ಬಿಗಿದುಕೊಂಡ. ಆಳುಗಳೆಲ್ಲ ಸೇರಿ ಗೇಣು ಗೇಣಾಗಿ ಮೇಲಕ್ಕೆಳೆದರು.

ಮೌನೇಶ ಕೊಕ್ಕೆ ಬಿಚ್ಚಿ ಸುತ್ತಿಗೆಯಿಂದ ಒಂದೇ ಏಟು ಹಾಕಿದ. ಬಳೆ ಕಳಚಿ ಬಿತ್ತು...

ಹೊಡೆತಕ್ಕೆ ಕಾಯುತ್ತಾ ತಲೆ ತಗ್ಗಿಸಿ ನಿಂತ.

ದುರುಗಪ್ಪ ಕೆಸರುಗೈಯನ್ನು ಅವನ ಹೆಗಲ ಮೇಲಿಟ್ಟ.

"ಹೊಸಾದೂ ನೀನ ಮಾಡು."

"ಇನ್ನೂ ನನ್ನ ನಂಬ್ತಿಯೇನು ಮಾವಾ?"

"ತಪ್ಪಾಗೇತಿ ಅಂತ ತಾನ ಓಡಿಬಂದು ಹೇಳಾವ ನನಗ ನೀ ಒಬ್ಬನ ಸಿಕ್ಕಿದ್ದಿ."

ಮೌನೇಶ ಗಳಗಳನೆ ಅತ್ತುಬಿಟ್ಟ.

ಈ ಸಲ ಅದೇ ಆ್ಯಕ್ಸಲ್‌ನ ಉಳಿದ ತುಂಡಿನಿಂದ ಕೊಕ್ಕೆ ಮಾಡಿ, ಮೊದಲು ಕುಲುಮೆಯಲ್ಲಿ ಕಾಯಿಸಿ, ಆಮೇಲೆ ಬಳೆ ಬೆಸೆದ. ಬಿಸಿ ಬೂದಿಯಲ್ಲಿ ಹೂತು ತಾನಾಗಿ ತಣಿಯಲು ಬಿಟ್ಟ. ಎರಡು ದಿನ ಕಾದ. ನಾಲ್ಕು ಆಳಿನ ತೂಕದ ಕಲ್ಲು ತೂಗಿಸಿ ನೋಡಿದ.

ಆದರೂ ದುರುಗಪ್ಪ ಬುಟ್ಟಿಗೆ ಕಾಲಿಡುವಾಗ ಮೌನೇಶ ಅಡ್ಡ ಬಂದ.

"ಮೊದಲ ನಾ ಇಳೀತೀನಿ."

ಕಣ್ಣು ಮುಚ್ಚಿ, ಬುಟ್ಟಿಯ ಸರಪಳಿ ಅವಚಿ ಹಿಡಿದು, ಕತ್ತಲೆಯೊಳಗೆ ಇಳಿದ...

ಮೇಲಿಂದ ಹುಲಿಗೆವ್ವ ಕೂಗಿದಳು. "ಏ, ಸುಮ್ಮನ ಬರಬ್ಯಾಡ ಮತ್ತ! ಹೂಳು ತುಂಬ್ಕೊಂಡ ಬಾ!"

ತನ್ನ ತಪ್ಪನ್ನು ತಾನೇ ಓಡಿಬಂದು ಹೇಳುವವನ ಕೈಗೆ ಜೀವವನ್ನೂ ಒಪ್ಪಿಸಬಹುದು.

ನಿಮ್ಮ ಕೈಯಿಂದಾದ ಯಾವ ತಪ್ಪು, ಇನ್ನೂ ಯಾರಿಗೂ ಹೇಳದೆ ಉಳಿದಿದೆ?